ಕರೆದರೂ ಓಗೊಡದ ಸ್ಮಾರ್ಟ್ ಸ್ಪೀಕರ್: ಮಲೆನಾಡಿನ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಆರಿದ್ರಾ ಮಳೆ ಹಿಡಿಯಿತು ಅಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಈ ದೂರು ಶುರುವಾಗುತ್ತದೆ. ‘ಅಲೆಕ್ಸಾ ಮಾತೇ ಆಡ್ತಿಲ್ಲ.’ ‘ಗೂಗಲ್ ಸುಮ್ನೆ ಕೂತಿದೆ.’ ಕೂಡಲೇ ಮನೆಯಲ್ಲಿ ಯಾರಾದರೊಬ್ಬರು ಯೂಟ್ಯೂಬ್ ನೋಡಿ ರೀಸೆಟ್ ಮಾಡಲು ಹೊರಡುತ್ತಾರೆ. ದಯವಿಟ್ಟು ಅದನ್ನು ಮೊದಲು ಮಾಡಬೇಡಿ. ರೀಸೆಟ್ ಮಾಡಿದರೆ ಸ್ಪೀಕರಿನಲ್ಲಿದ್ದ ವೈಫೈ ಪಾಸ್‌ವರ್ಡ್ ಅಳಿಸಿ ಹೋಗುತ್ತದೆ. ಮತ್ತೆ ಜೋಡಿಸಲು ಇಂಟರ್ನೆಟ್ ಬೇಕು. ಆ ಇಂಟರ್ನೆಟ್ಟೇ ಹೋಗಿ ಈ ತೊಂದರೆ ಬಂದಿದ್ದರೆ? ಒಂದಿದ್ದ ತಾಪತ್ರಯ ಎರಡಾಯಿತು, ಅಷ್ಟೇ.

ನಮ್ಮ ಕಡೆ ಸ್ಪೀಕರ್ ಬಾಯಿ ಮುಚ್ಚಿದರೆ ಹೆಚ್ಚಿನ ಸಲ ತಪ್ಪು ಸ್ಪೀಕರಿನದ್ದಲ್ಲ. ಕರೆಂಟಿನದ್ದು, ಲೈನಿನದ್ದು, ಗೋಡೆಯದ್ದು. ಹಾಗಾಗಿ ಈ ಮಾರ್ಗದರ್ಶಿಯ ಕ್ರಮವೂ ಹಾಗೇ ಇದೆ. ಎಲ್ಲಿ ಕಡಿದಿದೆ ಅಂತ ಮೊದಲು ಹುಡುಕೋಣ. ರೀಸೆಟ್ ಕೊನೆಗೆ.

ಮೊದಲು ಒಂದು ನಿಮಿಷದ ಪರೀಕ್ಷೆ

ಈ ಸ್ಪೀಕರ್ ಕೆಲಸ ಮಾಡುವ ರೀತಿ ಗೊತ್ತಿದ್ದರೆ ಅರ್ಧ ಹುಡುಕಾಟ ಮುಗಿಯಿತು. ‘ಅಲೆಕ್ಸಾ’ ಅಥವಾ ‘ಹೇ ಗೂಗಲ್’ ಎಂಬ ಕರೆಯನ್ನು ಗುರುತಿಸುವುದು ಸ್ಪೀಕರಿನ ಒಳಗೇ ಇರುವ ಸಣ್ಣ ಪ್ರೋಗ್ರಾಂ. ಅದಕ್ಕೆ ಇಂಟರ್ನೆಟ್ ಬೇಡ. ಕರೆದ ನಂತರ ನೀವು ಹೇಳುವ ಮಾತು ಮಾತ್ರ ವೈಫೈ, ರೌಟರ್, ಫೈಬರ್ ದಾಟಿ ಕಂಪನಿಯ ಸರ್ವರಿಗೆ ಹೋಗಿ ಉತ್ತರ ಹೊತ್ತು ಬರಬೇಕು.

ಆದ್ದರಿಂದ ಹೀಗೆ ಮಾಡಿ. ಟಿವಿ, ಮಿಕ್ಸಿ ಆರಿಸಿ. ಸ್ಪೀಕರಿನ ಎದುರು ಎರಡು ಮಾರು ದೂರದಲ್ಲಿ ನಿಂತು ಕರೆಯುವ ಪದವನ್ನಷ್ಟೇ ಹೇಳಿ, ಸುಮ್ಮನಾಗಿ. ದೀಪ ನೋಡಿ.

ದೀಪ ಹೊತ್ತಿತು ಅಂದರೆ ಕರೆಂಟು ಸರಿ, ಮೈಕ್ ಸರಿ. ತೊಂದರೆ ಅದರಾಚೆ ಎಲ್ಲೋ ಇದೆ. ಈಗ ‘ವಾಟ್ ಟೈಮ್ ಈಸ್ ಇಟ್’ ಅಂತ ಕೇಳಿ. ಇಂಟರ್ನೆಟ್ ಸಿಗುತ್ತಿಲ್ಲ ಎಂಬ ಅರ್ಥದ ಉತ್ತರ ಬಂದರೆ ವೈಫೈ ಅಥವಾ ಲೈನ್ ಕಡೆಗೆ ಹೋಗಿ. ದೀಪ ಹೊತ್ತಿ, ಕುಣಿದು, ಏನೂ ಕೇಳಿಸದೇ ಆರಿದರೆ ಧ್ವನಿಯ ಕಡೆ ನೋಡಿ. ದೀಪವೇ ಬರಲಿಲ್ಲ ಅಂದರೆ ಕರೆಂಟು ಅಥವಾ ಮೈಕ್.

ಒಂದು ಎಚ್ಚರಿಕೆ. ಸುಮ್ಮನೆ ಕೂತಿರುವಾಗ ಎಕೋ (ಅಲೆಕ್ಸಾ ಇರುವ ಅಮೆಜಾನ್ ಸ್ಪೀಕರ್) ಆಗಲಿ, ನೆಸ್ಟ್ ಮಿನಿ (ಗೂಗಲ್‌ನ ಸ್ಪೀಕರ್) ಆಗಲಿ ದೀಪ ತೋರಿಸುವುದಿಲ್ಲ. ದೀಪ ಇಲ್ಲ ಅಂದ ಮಾತ್ರಕ್ಕೆ ಕರೆಂಟಿಲ್ಲ ಅಂತ ತೀರ್ಮಾನಿಸಬೇಡಿ. ಎಕೋದಲ್ಲಿ ಪ್ಲಸ್ ಗುಂಡಿ ಒತ್ತಿ. ನೆಸ್ಟ್ ಮಿನಿಯ ಬಳಿ ಕೈ ತನ್ನಿ, ಅದು ಕೈಯನ್ನು ಗುರುತಿಸಿ ಬದಿಯ ಚುಕ್ಕಿಗಳನ್ನು ಬೆಳಗುತ್ತದೆ. ಆಗಲೂ ಏನೂ ಇಲ್ಲದಿದ್ದರೆ ಮಾತ್ರ ಕರೆಂಟಿನ ದಾರಿ ಹಿಡಿಯಿರಿ.

ದೀಪದ ಬಣ್ಣ ಓದುವುದು

ಎಕೋ ಸ್ಪೀಕರುಗಳಲ್ಲಿ ಬಣ್ಣವೇ ಅರ್ಧ ಕಥೆ ಹೇಳುತ್ತದೆ.

ಕೆಂಪು ಬಣ್ಣ ನಿಂತೇ ಇದ್ದರೆ ಯಾರೋ ಮೈಕ್ ಬಂದ್ ಮಾಡಿದ್ದಾರೆ. ಧೂಳು ಒರೆಸುವಾಗ ಗುಂಡಿ ಒತ್ತಿಹೋಗುವುದು ತೀರಾ ಸಾಮಾನ್ಯ. ಮೇಲೆ ಮೈಕಿನ ಗುರುತು ಅಥವಾ ಅಡ್ಡಗೆರೆ ಹಾಕಿದ ವೃತ್ತ ಇರುವ ಗುಂಡಿಯನ್ನು ಒಮ್ಮೆ ಒತ್ತಿ, ಮುಗಿಯಿತು.

ಕಿತ್ತಳೆ ಬಣ್ಣ ಸುತ್ತುತ್ತಿದ್ದರೆ ಸ್ಪೀಕರ್ ಇಂಟರ್ನೆಟ್ ಹುಡುಕುತ್ತಿದೆ, ಇಲ್ಲವೇ ಹೊಸದಾಗಿ ಜೋಡಿಸಲು ಕಾಯುತ್ತಿದೆ. ನೀಲಿ ಸುತ್ತುತ್ತಿದ್ದರೆ ಆನ್ ಆಗುತ್ತಿದೆ, ಸ್ವಲ್ಪ ತಾಳಿ. ಹಳದಿ ಮಿನುಗಿದರೆ ಏನೋ ಸೂಚನೆ ಬಂದಿದೆ, ರೋಗವಲ್ಲ. ಹಸಿರು ಮಿನುಗಿದರೆ ಕರೆ ಬರುತ್ತಿದೆ. ಮಾತಾಡಿದ ಮೇಲೆ ನೇರಳೆ ಬಣ್ಣ ಒಮ್ಮೆ ಮಿಂಚಿದರೆ ‘ಡು ನಾಟ್ ಡಿಸ್ಟರ್ಬ್’ ಆನ್ ಇದೆ. ಇದರಿಂದ ಕರೆ, ಸೂಚನೆ ನಿಲ್ಲುತ್ತವೆಯೇ ಹೊರತು ನಿಮ್ಮ ಪ್ರಶ್ನೆಗೆ ಉತ್ತರ ನಿಲ್ಲುವುದಿಲ್ಲ.

ಗೂಗಲ್‌ನದ್ದು ಸರಳ. ನಾಲ್ಕು ಚುಕ್ಕಿ ಕಿತ್ತಳೆ ಬಣ್ಣದಲ್ಲಿ ಕಂಡರೆ ಮೈಕ್ ಬಂದ್. ನೆಸ್ಟ್ ಮಿನಿಯಲ್ಲಿ ಅದಕ್ಕೆ ಬದಿಯಲ್ಲಿ ವೈರಿನ ಹತ್ತಿರ ಜಾರುವ ಸಣ್ಣ ಸ್ವಿಚ್ ಇದೆ. ಗಮನಿಸಿ, ಎಕೋದಲ್ಲಿ ಕಿತ್ತಳೆ ಅಂದರೆ ವೈಫೈ, ಗೂಗಲ್‌ನಲ್ಲಿ ಕಿತ್ತಳೆ ಅಂದರೆ ಮೈಕ್. ಎರಡೂ ಇರುವ ಮನೆಯವರು ಇದನ್ನು ಅದಲುಬದಲು ಮಾಡಿಕೊಂಡರೆ ಗಂಟೆಗಟ್ಟಲೆ ರೌಟರ್ ಜೊತೆ ಗುದ್ದಾಡುವುದೇ ಆಗುತ್ತದೆ.

ಕರೆಂಟು: ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು

ಮೊದಲು ಅದೇ ಪ್ಲಗ್ ಪಾಯಿಂಟಿಗೆ ಫೋನ್ ಚಾರ್ಜರ್ ಹಾಕಿ ನೋಡಿ. ಚಾರ್ಜ್ ಆಗುತ್ತಿಲ್ಲ ಅಂದರೆ ಸ್ಪೀಕರನ್ನು ದೂರುವುದು ಬೇಡ. ಇನ್‌ವರ್ಟರ್ ಇರುವ ಮನೆಯಲ್ಲಿ ಯಾವ ಪಾಯಿಂಟಿಗೆ ಇನ್‌ವರ್ಟರ್ ಲೈನ್ ಇದೆ, ಯಾವುದಕ್ಕಿಲ್ಲ ಅಂತಲೂ ನೋಡಿಕೊಳ್ಳಿ. ನಮ್ಮ ಕಡೆ ವೈರಿಂಗ್ ಮಾಡುವಾಗ ಲೈಟು, ಫ್ಯಾನಿಗೆ ಇನ್‌ವರ್ಟರ್ ಕೊಟ್ಟು ಪ್ಲಗ್ ಪಾಯಿಂಟುಗಳನ್ನು ಬಿಟ್ಟಿರುತ್ತಾರೆ. ರೌಟರ್ ಒಂದರಲ್ಲಿ, ಸ್ಪೀಕರ್ ಇನ್ನೊಂದರಲ್ಲಿ ಇದ್ದರೆ ಕರೆಂಟು ಹೋದಾಗ ಒಂದು ಬದುಕಿರುತ್ತದೆ, ಇನ್ನೊಂದು ಸತ್ತಿರುತ್ತದೆ. ಎರಡನ್ನೂ ಒಂದೇ ಇನ್‌ವರ್ಟರ್ ಪಾಯಿಂಟಿಗೆ ತನ್ನಿ. ಅರ್ಧ ದೂರು ಅಲ್ಲೇ ನಿಲ್ಲುತ್ತದೆ.

‘ವೋಲ್ಟೇಜ್ ಇಲ್ಲ, ಅದಕ್ಕೇ ಸ್ಪೀಕರ್ ಓಡ್ತಿಲ್ಲ’ ಅನ್ನುವುದು ಸಾಮಾನ್ಯ ವಾದ. ಅಡಾಪ್ಟರ್ ಮೇಲಿನ ಸಣ್ಣ ಅಕ್ಷರ ಓದಿ. ಬಹುಪಾಲು ಅಡಾಪ್ಟರುಗಳ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿರುತ್ತದೆ. ಪಂಪ್‌ಸೆಟ್ ಶುರುವಾದಾಗ ಬಲ್ಬು ಮಂಕಾಗಿ 150ಕ್ಕೆ ಇಳಿದರೂ ಅಡಾಪ್ಟರ್ ತನ್ನ ಕೆಲಸ ಮಾಡುತ್ತದೆ. ಅದಕ್ಕೆ ಸ್ಟೆಬಿಲೈಸರ್ ಬೇಡ. ಕೊಲ್ಲುವುದು ಕಡಿಮೆ ವೋಲ್ಟೇಜ್ ಅಲ್ಲ. ಕರೆಂಟು ಬಂದು ಹೋಗಿ, ಬಂದು ಹೋಗಿ ಮಾಡುವಾಗಿನ ಏರಿಳಿತ ಮತ್ತು ಸಿಡಿಲು.

ಇನ್ನೊಂದು ನಿಜವಾದ ಅಪಾಯ ಇದೆ. ಗಾಳಿಗೆ ಮರ ಬಿದ್ದು ನ್ಯೂಟ್ರಲ್ ವೈರ್ ತುಂಡಾದರೆ ಮೂರು ಫೇಸಿನ ಲೈನಿನಲ್ಲಿ 230ರ ಜಾಗದಲ್ಲಿ 400 ವೋಲ್ಟಿನ ಹತ್ತಿರ ನುಗ್ಗಬಹುದು. ಬಲ್ಬುಗಳು ಇದ್ದಕ್ಕಿದ್ದಂತೆ ಕಣ್ಣು ಕುಕ್ಕುವಷ್ಟು ಉರಿದರೆ ಸ್ಪೀಕರ್ ಬಗ್ಗೆ ಯೋಚಿಸುತ್ತ ನಿಲ್ಲಬೇಡಿ. ಮೇನ್ ಸ್ವಿಚ್ ಆಫ್ ಮಾಡಿ 1912ಕ್ಕೆ ಫೋನ್ ಮಾಡಿ. ಶಿವಮೊಗ್ಗ ಜಿಲ್ಲೆ ಮೆಸ್ಕಾಂ ವ್ಯಾಪ್ತಿಗೆ ಬರುತ್ತದೆ, ದೂರಿನ ಸಂಖ್ಯೆ ಅದೇ.

ಗುಡುಗು ಹತ್ತಿರದಲ್ಲಿ ಕೇಳಿದರೆ ಸ್ವಿಚ್ ಆಫ್ ಮಾಡುವುದು ಸಾಲದು. ಪ್ಲಗ್ಗೇ ಕೀಳಬೇಕು. ಸ್ವಿಚ್ಚಿನ ಒಳಗಿನ ಸಣ್ಣ ಸಂದು ಸಿಡಿಲಿಗೆ ಲೆಕ್ಕಕ್ಕಿಲ್ಲ. ಸ್ಪೈಕ್ ಗಾರ್ಡ್ ಒಳ್ಳೆಯದೇ, ಆದರೆ ಮನೆಯ ಅರ್ಥಿಂಗ್ ಸರಿ ಇಲ್ಲದಿದ್ದರೆ ಅದರ ಕೆಲಸ ಅರ್ಧಂಬರ್ಧ. ಹಳೆಯ ತಾಮ್ರದ ಲ್ಯಾಂಡ್‌ಲೈನ್ ಇನ್ನೂ ಇದ್ದರೆ ಆ ವೈರನ್ನೂ ಬಿಚ್ಚಿಡಿ. ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಪಾಯಿಂಟ್ ಸರಿ, ಆದರೂ ಸ್ಪೀಕರಿಗೆ ಜೀವ ಇಲ್ಲ ಅಂದರೆ ಅಡಾಪ್ಟರ್ ಮೇಲೆ ಅನುಮಾನ ಪಡಿ. ಮಳೆಗಾಲದಲ್ಲಿ ಸ್ಪೀಕರಿಗಿಂತ ಮೊದಲು ಹೋಗುವುದು ಅದೇ. ಇಲ್ಲಿ ಜೋಪಾನ. ಕೈಗೆ ಸಿಕ್ಕಿದ ರೌಟರ್ ಅಡಾಪ್ಟರ್ ಚುಚ್ಚಬೇಡಿ. ಮೂರನೇ ತಲೆಮಾರಿನ ಎಕೋ ಡಾಟ್‌ಗೆ 12 ವೋಲ್ಟ್ ಬೇಕು, ನೆಸ್ಟ್ ಮಿನಿಗೆ 14 ವೋಲ್ಟ್, ಹಳೆಯ ಗೂಗಲ್ ಹೋಮ್ ಮಿನಿಗೆ ಮೈಕ್ರೋ ಯುಎಸ್‌ಬಿಯಲ್ಲಿ 5 ವೋಲ್ಟ್. ಪಿನ್ ಹೊಂದಿತು ಅಂತ ವೋಲ್ಟೂ ಹೊಂದಬೇಕಿಲ್ಲ. ಸ್ಪೀಕರಿನ ತಳದಲ್ಲಿ ಅಥವಾ ಹಳೆಯ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಕರಾರುವಾಕ್ಕಾಗಿ ಅಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಶಿವಮೊಗ್ಗದ ನೆಹರೂ ರಸ್ತೆಯ ಕಡೆ ಅಂಗಡಿಗೆ ಹೋಗುವುದಾದರೆ ಸತ್ತ ಅಡಾಪ್ಟರನ್ನೇ ಜೊತೆಗೆ ಒಯ್ಯಿರಿ. ಅದನ್ನು ತೋರಿಸಿ ‘ಇದೇ ವೋಲ್ಟು, ಇದೇ ಪಿನ್ನು’ ಅಂತ ಕೇಳಿದರೆ ಮಾತು ಸುಲಭ.

ಮನೆಗೆ ಬೀಗ ಹಾಕಿ ಹಬ್ಬಕ್ಕೆ ಮಾತ್ರ ಬಂದು ಹೋಗುವವರಿಗೆ ಒಂದು ಮಾತು. ತಿಂಗಳುಗಟ್ಟಲೆ ಶೀತದಲ್ಲಿದ್ದ ಪಿನ್ ಕಪ್ಪು ಅಥವಾ ಹಸಿರು ಹಿಡಿದಿರುತ್ತದೆ. ಪ್ಲಗ್ ತೆಗೆದು, ಒಣ ಬಟ್ಟೆಯಲ್ಲಿ ತಿಕ್ಕಿ ಒರೆಸಿ ಹಾಕಿ. ಸ್ಪೀಕರೇ ಒದ್ದೆಯಾಗಿದ್ದರೆ ಒಂದೆರಡು ದಿನ ಗಾಳಿಯಾಡುವಲ್ಲಿ ಇಟ್ಟು ಆಮೇಲೆ ಪ್ಲಗ್ ಹಾಕಿ. ಅಡಿಕೆ ಡ್ರೈಯರಿನಲ್ಲಿಡುವ ಯೋಚನೆ ಬೇಡ!

ಕರೆದದ್ದು ಕೇಳಿಸುತ್ತಿದೆಯೇ?

ಕರೆಂಟಿದೆ, ಮೈಕ್ ಆನ್ ಇದೆ, ಆದರೂ ಕರೆದರೆ ದೀಪ ಬರುವುದಿಲ್ಲ. ಆಗ ನೋಡಬೇಕಾದ್ದು ಸದ್ದು ಮತ್ತು ಜಾಗ.

ತಗಡಿನ ಮಾಡಿನ ಮೇಲೆ ಜೋರು ಮಳೆ ಹೊಡೆಯುವಾಗ ಪಕ್ಕದಲ್ಲಿ ಕೂತವರ ಮಾತೇ ಕೇಳಿಸುವುದಿಲ್ಲ. ಸ್ಪೀಕರಿಗೆ ಕೇಳಿಸಲಿ ಅಂತ ಬಯಸುವುದು ಅತಿಯಾಯಿತು. ಅಂಥ ಹೊತ್ತಿನಲ್ಲಿ ಎಕೋ ಡಾಟ್‌ನ ಚುಕ್ಕಿ ಗುರುತಿನ ಗುಂಡಿ ಒತ್ತಿ ಮಾತಾಡಿದರೆ ಕರೆಯುವ ಪದವೇ ಬೇಡ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಗೋಡೆಯ ಗೂಡಿನಲ್ಲಿ ಅಥವಾ ಕಪಾಟಿನ ಮೂಲೆಗೆ ಒತ್ತರಿಸಿ ಇಟ್ಟಿದ್ದರೆ ಹೊರಗೆ ತನ್ನಿ. ಗೋಡೆ, ಕಿಟಕಿಯಿಂದ 20 ಸೆಂಟಿಮೀಟರಾದರೂ ದೂರ ಇರಲಿ. ಟಿವಿಯ ಪಕ್ಕ ಬೇಡ. ಮೇಲೆ ಕ್ರೋಶಾ ಹೊದಿಕೆ ಹಾಕಿದ್ದರೆ ತೆಗೆಯಿರಿ. ಮೈಕಿನ ತೂತುಗಳು ಮೇಲ್ಭಾಗದಲ್ಲೇ ಇರುತ್ತವೆ, ಹೊದಿಕೆ ಅದರ ಕಿವಿ ಮುಚ್ಚಿದ ಹಾಗೆ. ಆ ತೂತುಗಳಲ್ಲಿ ಧೂಳು, ಇರುವೆ ಇದ್ದರೆ ಒಣಗಿದ ಮೃದು ಬ್ರಶ್ಶಿನಿಂದ ತೆಗೆಯಿರಿ. ಸೂಜಿ ಹಾಕಬೇಡಿ, ಸ್ಪ್ರೇ ಹೊಡೆಯಬೇಡಿ.

ಮನೆಯಲ್ಲಿ ಎರಡು ಎಕೋ ಇದ್ದರೆ ಇನ್ನೊಂದು ಗೊಂದಲ. ಜಗುಲಿಯಲ್ಲಿ ಕರೆದರೆ ಅಡುಗೆಮನೆಯದ್ದು ಉತ್ತರಿಸಬಹುದು. ಯಾವುದು ಹೆಚ್ಚು ಸ್ಪಷ್ಟವಾಗಿ ಕೇಳಿಸಿಕೊಂಡಿತೋ ಅದು ಮಾತಾಡುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ಅದು ಕೆಟ್ಟಿದ್ದಲ್ಲ. ಆ್ಯಪಿನಲ್ಲಿ ಎರಡಕ್ಕೂ ಬೇರೆ ಬೇರೆ ಕರೆಯುವ ಪದ ಕೊಡಿ. ‘ಅಲೆಕ್ಸಾ’ ಬದಲು ‘ಎಕೋ’ ಅಥವಾ ‘ಕಂಪ್ಯೂಟರ್’ ಅಂತಲೂ ಇಟ್ಟುಕೊಳ್ಳಬಹುದು. ಮನೆಯ ಮಗು ಯಾವಾಗಲೋ ಪದ ಬದಲಿಸಿ ಬಿಟ್ಟಿದ್ದರೂ ಇದೇ ಜಾಗದಲ್ಲಿ ಗೊತ್ತಾಗುತ್ತದೆ.

ಅಜ್ಜಿ ಕರೆದರೆ ಬರುವುದಿಲ್ಲ, ಮೊಮ್ಮಗಳು ಕರೆದರೆ ಬರುತ್ತದೆ ಅನ್ನುವುದು ಎಲ್ಲ ಮನೆಯ ಕಥೆ. ಭಾಷೆಯ ಸೆಟ್ಟಿಂಗಿನಲ್ಲಿ ಇಂಗ್ಲಿಷ್ ಅಮೆರಿಕದ್ದಿದ್ದರೆ ಭಾರತದ್ದಕ್ಕೆ ಬದಲಿಸಿ. ಉಚ್ಚಾರಣೆ ಹಿಡಿಯುವುದು ಸುಧಾರಿಸುತ್ತದೆ. ಗೂಗಲ್‌ನಲ್ಲಿ ವಾಯ್ಸ್ ಮ್ಯಾಚ್ ಎಂಬಲ್ಲಿ ಅಜ್ಜಿಯ ದನಿಯನ್ನು ಸೇರಿಸಿ. ಇನ್ನು, ಅಲೆಕ್ಸಾ ನಮ್ಮ ದೇಶದಲ್ಲಿ ಮಾತಾಡುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡ ಹಾಡಿನ ಹೆಸರು ಹೇಳಿದರೆ ಹುಡುಕುತ್ತದೆ, ಆದರೆ ‘ಇವತ್ತು ಮಳೆ ಬರ್ತದಾ’ ಅಂತ ಅಚ್ಚ ಕನ್ನಡದಲ್ಲಿ ಕೇಳಿದರೆ ತಡವರಿಸುತ್ತದೆ. ಹಾಗಾದರೆ ಅದನ್ನು ರಿಪೇರಿ ಮಾಡಲು ಹೋಗಬೇಡಿ.

ಕೇಳಿಸಿದೆಯೋ ಇಲ್ಲವೋ ಅಂತ ಖಚಿತ ಮಾಡಿಕೊಳ್ಳಲು ಅಲೆಕ್ಸಾ ಆ್ಯಪಿನ ಪ್ರೈವೆಸಿ ಭಾಗದಲ್ಲಿ ವಾಯ್ಸ್ ಹಿಸ್ಟರಿ ತೆರೆಯಿರಿ. ನೀವು ಹೇಳಿದ್ದನ್ನು ಅದು ಏನಂತ ಕೇಳಿಸಿಕೊಂಡಿತು ಅಂತ ಬರೆದಿರುತ್ತದೆ. ಕೆಲವು ಸಲ ಓದಿದರೆ ನಗು ಬರುತ್ತದೆ, ಆದರೆ ತೊಂದರೆ ಎಲ್ಲಿದೆ ಅಂತಲೂ ತಿಳಿಯುತ್ತದೆ.

ದೀಪ ಬರುತ್ತದೆ, ಧ್ವನಿ ಬರುವುದಿಲ್ಲ

ಇದು ಸುಲಭದ್ದು. ಮೊದಲು ವಾಲ್ಯೂಮ್ ಏರಿಸಿ. ಅಲಾರಮ್ಮಿನ ವಾಲ್ಯೂಮ್ ಬೇರೆ, ಮಾತಿನದ್ದು ಬೇರೆ. ಹಾಗಾಗಿ ಬೆಳಿಗ್ಗೆ ಅಲಾರಂ ಹೊಡೆದುಕೊಂಡರೂ ಮಾತು ಕೇಳಿಸದೇ ಇರಬಹುದು. ಎಕೋದಲ್ಲಿ ಬ್ರೀಫ್ ಮೋಡ್ ಆನ್ ಇದ್ದರೆ ಉತ್ತರದ ಬದಲು ಸಣ್ಣ ‘ಟಿಂಗ್’ ಮಾತ್ರ ಬರುತ್ತದೆ. ಸ್ಪೀಕರಿಗೆ ಆಕ್ಸ್ ವೈರ್ ಸಿಕ್ಕಿಸಿ ದೊಡ್ಡ ಡೆಕ್ಕಿಗೆ ಕೊಟ್ಟಿದ್ದರೆ, ಅಥವಾ ಬ್ಲೂಟೂತಿನಲ್ಲಿ ಬೇರೆ ಸ್ಪೀಕರಿಗೆ ಜೋಡಿಸಿದ್ದರೆ, ಧ್ವನಿ ಅತ್ತ ಹೋಗುತ್ತಿರುತ್ತದೆ. ಆ ಡೆಕ್ ಆಫ್ ಇದ್ದರೆ ಮನೆ ನಿಶ್ಶಬ್ದ. ವೈರ್ ಕಿತ್ತು ನೋಡಿ, ‘ಅಲೆಕ್ಸಾ, ಡಿಸ್ಕನೆಕ್ಟ್’ ಅನ್ನಿ.

ಮಾತು ಬರುತ್ತದೆ, ಹಾಡು ಮಾತ್ರ ಬರುವುದಿಲ್ಲ ಅಂದರೆ ಅದು ಹಾಡಿನ ಆ್ಯಪಿನ ಚಂದಾ ಅಥವಾ ಲಾಗಿನ್ ವಿಷಯ.

ರೌಟರ್ ಮತ್ತು ಲೈನ್

ಈಗ ರೌಟರ್ ಎದುರು ಹೋಗಿ ನಿಲ್ಲಿ. ಫೈಬರ್ ಪೆಟ್ಟಿಗೆಯಲ್ಲಿ ಪಾನ್ (PON) ಅಂತ ಒಂದು ದೀಪ, ಎಲ್‌ಒಎಸ್ (LOS) ಅಂತ ಇನ್ನೊಂದು ದೀಪ ಇರುತ್ತದೆ. ಪಾನ್ ಹಸಿರಾಗಿ ನಿಂತಿದ್ದರೆ ಲೈನ್ ಬದುಕಿದೆ. ಎಲ್‌ಒಎಸ್ ಕೆಂಪಾಗಿ ಮಿನುಗುತ್ತಿದ್ದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ. ಎಲ್ಲೋ ಮರ ಬಿದ್ದಿದೆ, ಧರೆ ಕುಸಿದಿದೆ, ಇಲ್ಲವೇ ಮಂಗ ವೈರಿಗೆ ಜೋತು ಬಿದ್ದಿದೆ. ಸ್ಪೀಕರ್, ರೌಟರ್ ಯಾವುದನ್ನೂ ಮುಟ್ಟಬೇಡಿ. ಲೈನಿನವರಿಗೆ ಫೋನ್ ಮಾಡುವಾಗ ‘ನೆಟ್ ಇಲ್ಲ’ ಅನ್ನುವ ಬದಲು ‘ಎಲ್‌ಒಎಸ್ ಕೆಂಪಾಗಿದೆ’ ಅನ್ನಿ. ‘ರೌಟರ್ ಆಫ್ ಮಾಡಿ ಆನ್ ಮಾಡಿ ನೋಡಿ’ ಎಂಬ ಮಾತಿನಲ್ಲೇ ದಿನ ಕಳೆಯುವುದು ತಪ್ಪುತ್ತದೆ. ಹೊರಗೆ ಹೋಗಿ ಮನೆಗೆ ಬರುವ ತೆಳು ವೈರು ಎಲ್ಲಾದರೂ ಮಡಚಿ ನೇತಾಡುತ್ತಿದೆಯೇ ಅಂತಲೂ ನೋಡಿ. ಫೈಬರ್ ಚೂಪಾಗಿ ಮಡಚಿದರೆ ತುಂಡಾಗದಿದ್ದರೂ ಬೆಳಕು ಸೋರಿಹೋಗುತ್ತದೆ.

ಲೈನ್ ಸರಿ ಇದ್ದರೆ ಆಫ್-ಆನ್ ಮಾಡಲು ಒಂದು ಕ್ರಮ ಇದೆ.

1. ಸ್ಪೀಕರಿನ ಪ್ಲಗ್ ಕೀಳಿ. ರೌಟರಿನದ್ದೂ ಕೀಳಿ.
2. ಅರ್ಧ ನಿಮಿಷ ಬಿಡಿ.
3. ರೌಟರ್ ಮಾತ್ರ ಹಾಕಿ. ಪಾನ್ ದೀಪ ನಿಲ್ಲುವವರೆಗೆ, ಫೋನಿನಲ್ಲಿ ನೆಟ್ ಬರುವವರೆಗೆ ಕಾಯಿರಿ. ಎರಡು ಮೂರು ನಿಮಿಷ ಹಿಡಿಯಬಹುದು. ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ ನೋಡಿ, ಇಲ್ಲದಿದ್ದರೆ ಮೋಸ ಹೋಗುತ್ತೀರಿ.
4. ಆಮೇಲೆ ಸ್ಪೀಕರ್ ಹಾಕಿ. ಸುತ್ತುವ ದೀಪ ಆರುವವರೆಗೆ ಮುಟ್ಟಬೇಡಿ.

ಕ್ರಮ ಮುಖ್ಯ ಯಾಕೆ ಅಂದರೆ, ಕರೆಂಟು ಬಂದಾಗ ಸ್ಪೀಕರ್ ಬೇಗ ಏಳುತ್ತದೆ, ರೌಟರ್ ನಿಧಾನ. ವೈಫೈ ಸಿಗದೆ ಸ್ಪೀಕರ್ ಸೋತು ಕೂತಿರುತ್ತದೆ. ಸಾಮಾನ್ಯವಾಗಿ ತಾನಾಗಿ ಮತ್ತೆ ಹುಡುಕಿಕೊಳ್ಳುತ್ತದೆ, ಕೆಲವು ಸಲ ಇಲ್ಲ.

ವೈಫೈ ಮತ್ತು ಜಂಬಿಟ್ಟಿಗೆ ಗೋಡೆ

ಹಳೆಯ ತೊಟ್ಟಿ ಮನೆಯ ಜಂಬಿಟ್ಟಿಗೆ ಗೋಡೆ, ಮಣ್ಣಿನ ಗೋಡೆ ದಪ್ಪ ಎಷ್ಟಿರುತ್ತದೆ ಅಂತ ಗೊತ್ತಲ್ವಾ. ಮಳೆಗಾಲದಲ್ಲಿ ಅದು ನೀರೂ ಕುಡಿದಿರುತ್ತದೆ. ನೀರು ರೇಡಿಯೋ ಅಲೆಯನ್ನು ಹೀರುತ್ತದೆ. ಬೇಸಿಗೆಯಲ್ಲಿ ಹಿತ್ತಲ ಕೋಣೆಯವರೆಗೆ ಬರುತ್ತಿದ್ದ ವೈಫೈ ಆಷಾಢದಲ್ಲಿ ನಡುಮನೆಗೇ ನಿಂತರೆ ಆಶ್ಚರ್ಯ ಬೇಡ.

ರೌಟರುಗಳು ಎರಡು ಬಗೆಯ ಅಲೆ ಬಿಡುತ್ತವೆ, 2.4 ಗಿಗಾಹರ್ಟ್ಜ್ ಮತ್ತು 5 ಗಿಗಾಹರ್ಟ್ಜ್. ಐದರದ್ದು ವೇಗ ಜಾಸ್ತಿ, ಗೋಡೆ ದಾಟುವ ತಾಕತ್ತು ಕಡಿಮೆ. ಸ್ಪೀಕರಿಗೆ ವೇಗ ಬೇಕಿಲ್ಲ, ಸಿಗ್ನಲ್ ನಿಂತಿದ್ದರೆ ಸಾಕು. ಹಾಗಾಗಿ ನಮ್ಮ ಮನೆಗಳಲ್ಲಿ ಕಣ್ಣು ಮುಚ್ಚಿ 2.4ಕ್ಕೆ ಜೋಡಿಸಿ. ಎರಡಕ್ಕೂ ಒಂದೇ ಹೆಸರಿದ್ದರೆ ರೌಟರ್ ಸೆಟ್ಟಿಂಗಿನಲ್ಲಿ ಬೇರೆ ಬೇರೆ ಹೆಸರು ಕೊಡಬಹುದು.

ಪರೀಕ್ಷೆ ಸುಲಭ. ಸ್ಪೀಕರನ್ನು ರೌಟರ್ ಇರುವ ಕೋಣೆಗೇ ಹೊತ್ತು ತನ್ನಿ. ಅಲ್ಲಿ ಮಾತಾಡಿದರೆ ರೋಗ ಗೋಡೆಯದ್ದು. ರೌಟರನ್ನು ಮೂಲೆಯ ನೆಲದಿಂದ ಎತ್ತಿ ಮನೆಯ ನಡುವೆ ಎತ್ತರದಲ್ಲಿಡಿ. ಅದೂ ಸಾಲದಿದ್ದರೆ ರಿಪೀಟರ್, ಅಂದರೆ ವೈಫೈಯನ್ನು ಹಿಡಿದು ಮುಂದಕ್ಕೆ ಹಂಚುವ ಡಬ್ಬಿ. ಆದರೆ ಅದನ್ನು ಸಿಗ್ನಲ್ ಇಲ್ಲದ ಜಾಗದಲ್ಲಿ ಇಡುವವರೇ ಜಾಸ್ತಿ. ಇಲ್ಲದ್ದನ್ನು ಅದು ಎಲ್ಲಿಂದ ಹಂಚುತ್ತದೆ? ಅರ್ಧ ದಾರಿಯಲ್ಲಿ, ಸಿಗ್ನಲ್ ಇನ್ನೂ ಚೆನ್ನಾಗಿರುವಲ್ಲಿ ಇಡಬೇಕು.

ಶಿವಮೊಗ್ಗ ಪೇಟೆಯಲ್ಲಿ, ವಿನೋಬನಗರ, ಗೋಪಾಳದಂಥ ಒತ್ತೊತ್ತಾದ ಬಡಾವಣೆಯಲ್ಲಿ ಸಮಸ್ಯೆ ಉಲ್ಟಾ. ಅಲ್ಲಿ ಅಕ್ಕಪಕ್ಕದವರ ವೈಫೈಗಳೆಲ್ಲ ಒಂದೇ ಚಾನೆಲಿನಲ್ಲಿ ಗುದ್ದಾಡುತ್ತವೆ. ರೌಟರಿನಲ್ಲಿ 2.4ರ ಚಾನೆಲನ್ನು 1, 6 ಅಥವಾ 11ಕ್ಕೆ ಕಟ್ಟಿಹಾಕಿ ನೋಡಿ. ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ. ಮೈಕ್ರೋವೇವ್ ಒಲೆಯೂ ಇದೇ ಅಲೆಯ ಅಕ್ಕಪಕ್ಕ ಕೆಲಸ ಮಾಡುತ್ತದೆ, ಸ್ಪೀಕರ್ ಅದರಿಂದ ದೂರ ಇರಲಿ.

ರೌಟರ್ ಬದಲಿಸಿದ ಮೇಲೆ ಸ್ಪೀಕರ್ ನಿಂತಿದೆಯೇ? ಇದಕ್ಕೆ ಚೆಂದದ ಉಪಾಯ ಇದೆ. ಹೊಸ ರೌಟರಿಗೆ ಹಳೆಯದರ ವೈಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಅಕ್ಷರಶಃ ಹಾಗೇ ಕೊಡಿ. ದೊಡ್ಡಕ್ಷರ, ಸಣ್ಣಕ್ಷರ ಸಮೇತ. ಸ್ಪೀಕರ್, ಟಿವಿ, ಫೋನು ಎಲ್ಲ ತಾವಾಗಿ ಸೇರಿಕೊಳ್ಳುತ್ತವೆ. ಭದ್ರತೆಯಲ್ಲಿ ಡಬ್ಲ್ಯುಪಿಎ 3 ಮಾತ್ರ ಅಂತಿದ್ದರೆ ಹಳೆಯ ಸ್ಪೀಕರುಗಳು ಸೇರದೇ ಇರಬಹುದು, ಡಬ್ಲ್ಯುಪಿಎ 2 ಮಾಡಿ.

ಎಲ್ಲ ಸರಿ ಇದ್ದರೂ ಅನುಮಾನ ಉಳಿದರೆ ಹಾಟ್‌ಸ್ಪಾಟ್ ಪರೀಕ್ಷೆ ಮಾಡಿ. ಒಂದು ಫೋನಿನಲ್ಲಿ 2.4 ಗಿಗಾಹರ್ಟ್ಜ್ ಹಾಟ್‌ಸ್ಪಾಟ್ ಹಾಕಿ. ಇನ್ನೊಂದು ಫೋನಿನ ಆ್ಯಪಿನಿಂದ ಸ್ಪೀಕರನ್ನು ಅದಕ್ಕೆ ಜೋಡಿಸಿ. ಎಕೋದಲ್ಲಿ ಚುಕ್ಕಿ ಗುಂಡಿಯನ್ನು ಕಿತ್ತಳೆ ಬಣ್ಣ ಬರುವವರೆಗೆ ಒತ್ತಿ ಹಿಡಿಯಬೇಕು, ಬಂದ ಕೂಡಲೇ ಬಿಡಬೇಕು. ಹಾಟ್‌ಸ್ಪಾಟಿನಲ್ಲಿ ಮಾತಾಡಿತು ಅಂದರೆ ಸ್ಪೀಕರ್ ನಿರ್ದೋಷಿ, ರೌಟರನ್ನು ಹಿಡಿಯಿರಿ. ಜೋಡಿಸುವಾಗ ಫೋನಿನ ಬ್ಲೂಟೂತ್, ಲೊಕೇಶನ್ ಆನ್ ಇರಲಿ, ವಿಪಿಎನ್ ಇದ್ದರೆ ಆಫ್ ಮಾಡಿ.

ತಪ್ಪು ನಿಮ್ಮ ಮನೆಯದ್ದೇ ಆಗಬೇಕಿಲ್ಲ

2025ರ ಅಕ್ಟೋಬರ್ 20, ನರಕ ಚತುರ್ದಶಿಯ ದಿನ. ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಜಾನ್ ಕ್ಲೌಡ್ ಕೇಂದ್ರದಲ್ಲಿ ಡಿಎನ್‌ಎಸ್ (ಇಂಟರ್ನೆಟ್ಟಿನ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ತೊಂದರೆ ಆಗಿ ಅಲೆಕ್ಸಾವೂ ಸೇರಿ ನೂರಾರು ಸೇವೆಗಳು ತಡವರಿಸಿದವು. ಅಂಥ ಹೊತ್ತಿನಲ್ಲಿ ತೀರ್ಥಹಳ್ಳಿಯಲ್ಲಿ ಕೂತು ರೌಟರ್ ಆಫ್-ಆನ್ ಮಾಡಿದರೆ ಏನೂ ಆಗುವುದಿಲ್ಲ. 2025ರ ಮಾರ್ಚ್‌ನಲ್ಲಿ ಗೂಗಲ್‌ನ ಹಳೆಯ ಕ್ರೋಮ್‌ಕಾಸ್ಟ್‌ಗಳು (ಟಿವಿಗೆ ಸಿಕ್ಕಿಸುವ ಸಾಧನ), ಕ್ರೋಮ್‌ಕಾಸ್ಟ್ ಆಡಿಯೋ ಸೇರಿ, ಒಳಗಿನ ಡಿಜಿಟಲ್ ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದು ನಿಂತಿದ್ದವು. ಆಗ ಗೂಗಲ್ ಮೊದಲು ಹೇಳಿದ್ದೇ ‘ರೀಸೆಟ್ ಮಾಡಬೇಡಿ’ ಅಂತ. ರೀಸೆಟ್ ಮಾಡಿದವರಿಗೆ ಮತ್ತೆ ಜೋಡಿಸಲು ಹೆಚ್ಚುವರಿ ಪರಿಹಾರ ಬರುವವರೆಗೆ ಕಾಯಬೇಕಾಯಿತು.

ಫೋನಿನಲ್ಲಿ ನೆಟ್ ಚೆನ್ನಾಗಿದೆ, ಸ್ಪೀಕರ್ ಮಾತ್ರ ಇಲ್ಲ ಅಂದರೆ ಬೇರೆ ಊರಿನ ಪರಿಚಯದವರಿಗೆ ಒಂದು ಮೆಸೇಜ್ ಹಾಕಿ. ಅವರದ್ದೂ ನಿಂತಿದ್ದರೆ ಕಾಫಿ ಕುಡಿದು ಕಾಯಿರಿ.

ಬೆಂಗಳೂರಿನಿಂದ ಫೋನಿನಲ್ಲೇ ಸರಿ ಮಾಡುವುದು

ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಸ್ಪೀಕರ್ ತಂದುಕೊಟ್ಟವರು ಬೆಂಗಳೂರಿನ ಮಕ್ಕಳು. ಖಾತೆ ಅವರದ್ದು, ಓಟಿಪಿ ಬರುವುದೂ ಅವರ ಫೋನಿಗೆ. ಮನೆಯಲ್ಲಿರುವ ಅಪ್ಪ ಅಮ್ಮನ ಕೈಯಲ್ಲಿ ಇರುವುದು ಪ್ಲಗ್ ಮಾತ್ರ. ಇದರಲ್ಲಿ ಅನುಕೂಲವೂ ಇದೆ. ಅಲೆಕ್ಸಾ ಆ್ಯಪಿನಲ್ಲಿ ಸ್ಪೀಕರ್ ‘ಆಫ್‌ಲೈನ್’ ಅಂತ ಇದೆಯೇ ಅಂತ ಮಕ್ಕಳು ಅಲ್ಲಿಂದಲೇ ನೋಡಬಹುದು. ಆಫ್‌ಲೈನ್ ಇಲ್ಲದಿದ್ದರೆ ಲೈನ್, ವೈಫೈ ಎರಡೂ ಸರಿ ಅಂತಾಯಿತು. ವಾಲ್ಯೂಮ್, ಭಾಷೆ, ಕರೆಯುವ ಪದ ಎಲ್ಲ ಅಲ್ಲಿಂದಲೇ ಬದಲಿಸಬಹುದು.

ಆಫ್‌ಲೈನ್ ಇದ್ದರೆ ಫೋನಿನಲ್ಲಿ ಕೇಳುವ ಮಾತು ಇಷ್ಟೇ ಇರಲಿ.

‘ಅಪ್ಪಯ್ಯ, ಕರೆಂಟಿದ್ಯಾ? ನೆಟ್ಟಿನ ಡಬ್ಬಿಲಿ ಕೆಂಪು ದೀಪ ಏನಾದ್ರೂ ಮಿನುಗ್ತಿದ್ಯಾ ನೋಡು.’

‘ಒಂದು ಕೆಂಪಿದೆ ಮಾರಾಯ.’

‘ಹಂಗಾದ್ರೆ ಬಿಡು, ಲೈನ್ ಹೋಗಿದೆ. ನಾನು ಅವ್ರಿಗೆ ಫೋನ್ ಮಾಡ್ತೀನಿ. ನೀನು ಏನೂ ಒತ್ತಬೇಡ.’

‘ರೌಟರ್ ರೀಬೂಟ್ ಮಾಡು, ಸೆಟ್ಟಿಂಗ್ಸಿಗೆ ಹೋಗು’ ಅಂತ ಶುರು ಮಾಡಿದರೆ ಇಬ್ಬರಿಗೂ ಸಿಟ್ಟು ಬರುವುದು ಬಿಟ್ಟರೆ ಬೇರೇನೂ ಆಗುವುದಿಲ್ಲ. ವೈಫೈಗೆ ಹೊಸದಾಗಿ ಜೋಡಿಸುವ ಕೆಲಸ ಮಾತ್ರ ಸ್ಪೀಕರಿನ ಪಕ್ಕದಲ್ಲಿದ್ದವರೇ ಮಾಡಬೇಕು. ಅದಕ್ಕೆ ಅಮ್ಮನ ಫೋನಿನಲ್ಲೂ ಅದೇ ಖಾತೆಯ ಆ್ಯಪ್ ಹಾಕಿಟ್ಟಿರಿ. ಗುಡ್ಡದ ಬುಡದ ಮನೆಯಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಓಟಿಪಿಗಾಗಿ ಧರೆ ಹತ್ತಿ ನಿಲ್ಲಬೇಕಾಗುತ್ತದೆ. ಮುಂದಿನ ಸಲ ಊರಿಗೆ ಹೋದಾಗಲೇ ಲಾಗಿನ್ ಮುಗಿಸಿ ಬನ್ನಿ.

ಕೊನೆಗೆ ರೀಸೆಟ್

ಲೈನ್ ಇದೆ, ಫೋನಿಗೆ ವೈಫೈ ಚೆನ್ನಾಗಿ ಸಿಗುತ್ತಿದೆ, ಹಾಟ್‌ಸ್ಪಾಟಿಗೂ ಸ್ಪೀಕರ್ ಸೇರುತ್ತಿಲ್ಲ. ಈಗ ಮಾಡಿ. ವೈಫೈ ಪಾಸ್‌ವರ್ಡ್, ಖಾತೆಯ ಪಾಸ್‌ವರ್ಡ್ ಎರಡೂ ಕೈಯಲ್ಲಿರಲಿ. ಪಾಸ್‌ವರ್ಡ್ ಬದಲಿಸಿಲ್ಲ ಅಂದರೆ ರೌಟರಿನ ತಳದ ಚೀಟಿಯಲ್ಲಿ ಇರುತ್ತದೆ.

ಚುಕ್ಕಿ ಗುಂಡಿ ಇರುವ ಈಚಿನ ಎಕೋ ಡಾಟ್‌ಗಳಲ್ಲಿ ಆ ಗುಂಡಿಯನ್ನು 25 ಸೆಕೆಂಡಿನಷ್ಟು ಒತ್ತಿ ಹಿಡಿಯಿರಿ. ದೀಪ ಆರಿ ಮತ್ತೆ ಬಂದು ಕಿತ್ತಳೆ ಸುತ್ತಲು ಶುರು ಮಾಡಿದರೆ ಆಯಿತು. ಎಕೋ ಪಾಪ್‌ನಲ್ಲಿ ಆ ಗುಂಡಿ ಇಲ್ಲ. ವಾಲ್ಯೂಮ್ ಇಳಿಸುವ ಗುಂಡಿ, ಮೈಕ್ ಗುಂಡಿ ಎರಡನ್ನೂ ಒಟ್ಟಿಗೆ ಹಿಡಿಯಬೇಕು. ನೆಸ್ಟ್ ಮಿನಿಯಲ್ಲಿ ಬದಿಯ ಸ್ವಿಚ್ಚಿನಿಂದ ಮೈಕ್ ಬಂದ್ ಮಾಡಿ, ಮೇಲ್ಭಾಗದ ನಡುವೆ ಬೆರಳಿಟ್ಟು ಒತ್ತಿ ಹಿಡಿಯಿರಿ. 5 ಸೆಕೆಂಡಿಗೆ ರೀಸೆಟ್ ಶುರುವಾಗುತ್ತದೆ, ಇನ್ನೊಂದು 10 ಸೆಕೆಂಡ್ ಹಿಡಿದರೆ ಸದ್ದು ಬರುತ್ತದೆ. ಹಳೆಯ ಹೋಮ್ ಮಿನಿಯಲ್ಲಿ ತಳದಲ್ಲಿ ವೈರಿನ ಹತ್ತಿರ ಸಣ್ಣ ಗುಂಡಿ ಇದೆ, ಅದನ್ನು 15 ಸೆಕೆಂಡ್.

ಬೇರೆಯವರಿಂದ ಕೊಂಡ ಹಳೆಯ ಎಕೋ ಆದರೆ ರೀಸೆಟ್ ಮಾಡಿದರೂ ಸೇರದೇ ಇರಬಹುದು. ಹಿಂದಿನ ಯಜಮಾನರ ಖಾತೆಯಿಂದ ಅದನ್ನು ತೆಗೆಯಬೇಕು. ಅವರೇ ತೆಗೆಯಬೇಕು, ನಿಮ್ಮಿಂದ ಆಗುವುದಿಲ್ಲ.

ರೀಸೆಟ್ ಆದ ಮೇಲೂ ಯಾವ ವೈಫೈಗೂ ಸೇರದಿದ್ದರೆ ಒಳಗಿನ ಭಾಗವೇ ಹೋಗಿದೆ. ಬಿಲ್ ತೆಗೆದು ತಾರೀಕು ನೋಡಿ. ವಾರಂಟಿ ಸಾಮಾನ್ಯವಾಗಿ ಒಂದು ವರ್ಷ. ಒಳಗಿದ್ದರೆ ಬಿಚ್ಚಬೇಡಿ, ಬಿಚ್ಚಿದರೆ ವಾರಂಟಿ ಇಲ್ಲ. ಅವಧಿ ಮುಗಿದಿದ್ದರೆ ಪವರ್ ಪಿನ್ ಸಡಿಲಾದದ್ದನ್ನು ಬೆಸುಗೆ ಹಾಕಿಸಬಹುದು, ಅದಕ್ಕಿಂತ ದೊಡ್ಡ ರಿಪೇರಿಗೆ ಹಾಕುವ ದುಡ್ಡು ದಂಡ. ಮೈಕ್ ಮಾತ್ರ ಸತ್ತು ವೈಫೈ ಬದುಕಿದ್ದರೆ ಬಿಸಾಡಬೇಡಿ. ಆ್ಯಪಿನಿಂದ ಹಾಡು ಹಾಕಬಹುದು, ಅಲಾರಂ ಇಡಬಹುದು. ಬರಿಯ ಬ್ಲೂಟೂತ್ ಸ್ಪೀಕರ್ ಆಗಿ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಇನ್ನೂ ಕೆಲವು ವರ್ಷ ಹಾಡಿಕೊಂಡಿರುತ್ತದೆ.